ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಹತ್ತು ನಿಮಿಷ

ಕ್ಯಾಂಟನ್

ವಿಮಾನದಲ್ಲಿ ಹೋಗು ಎಂದು ನನಗೆ ಬುದ್ಧಿ ಹೇಳದವರು ನಮ್ಮ ಸಬ್‌ಡಿವಿಜನ್‌ನಲ್ಲಿ, ಎಂದರೆ ನಮ್ಮ ಬಡಾವಣೆಯಲ್ಲಿ, ಯಾರೂ ಉಳಿಯಲಿಲ್ಲ. ಮಗಳು ಹೇಳಿದಳು, ಅಳಿಯ ಹೇಳಿದ. ಇಂಡಿಯನ್ ಸ್ಟೋರಿನಲ್ಲಿ ಕೊತ್ತಂಬರಿ ಆರಿಸುತ್ತಿದ್ದ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಕೂಡ ತಿರುಗಿ ನೋಡಿ, "ಅಂಕಲ್, ಬೆಳಿಗ್ಗೆ ಫ್ಲೈಟ್ ಹತ್ತಿದ್ರೆ ಮಧ್ಯಾಹ್ನ ಸ್ಯಾಕ್ರಮೆಂಟೊ. ಮೂರು ದಿನ ಟ್ರೇನಲ್ಲಿ ಯಾಕೆ ಒದ್ದಾಡ್ತೀರಿ?" ಎಂದು ಕೇಳಿದಳು. ಒದ್ದಾಡುವುದಕ್ಕೇ ಹೋಗುತ್ತಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ಗುರಪ್ಪ, ಹುಬ್ಬಳ್ಳಿಯವನು. ಎಸ್ಸೆಸ್ಸೆಲ್ಸಿ ಪಾಸು, ಅದೂ ಎರಡನೆಯ ಸಲಕ್ಕೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಮಿಶಿಗನ್‌ನ ಕ್ಯಾಂಟನ್ನಿಗೆ, ಮಗಳು ಸುವರ್ಣಾಳ ಮನೆಗೆ ಬಂದು ಎಂಟು ವರ್ಷವಾಯಿತು. ಅರವತ್ತೈದು ದಾಟಿದ ಮೇಲೆ ಇಲ್ಲಿ ಕಾರು ಕಲಿತೆ. ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ ನಾಲ್ಕನೆಯ ಸಲ ಲೈಸೆನ್ಸ್ ಸಿಕ್ಕಿದ ದಿನ ಮೊಮ್ಮಗಳು ಅನಘಾಳನ್ನು ಕೂರಿಸಿಕೊಂಡು ಸಬ್‌ಡಿವಿಜನ್ ಮೂರು ಸುತ್ತು ಸುತ್ತಿದ್ದೆ. ಈ ದೇಶದಲ್ಲಿ ಕಾರು ಓಡಿಸದ ಗಂಡಸು ಮನೆಯ ಸಾಮಾನುಗಳಲ್ಲಿ ಒಂದು. ಅದು ನಾನಾಗಬಾರದು ಎಂಬ ಹಟ ನನಗಿತ್ತು. ಮುಂದೆ ಹೇಳುವ ಪಾಪಕ್ಕೆ ಆ ಹಟವೇ ಮೂಲ.

ಮೂರು ವರ್ಷದ ಹಿಂದೆ ಒಂದು ಸಂಜೆ ಅನಘಾಳನ್ನು ಲೈಬ್ರರಿಯಿಂದ ಕರೆದುಕೊಂಡು ಬರುತ್ತಿದ್ದೆ. ಆಗ ಅವಳಿಗೆ ಒಂಬತ್ತು. ನಮ್ಮ ಮನೆಗೆ ತಿರುಗುವ ಮೊದಲು ಒಂದು ಕೂಡುರಸ್ತೆ ಇದೆ. ನಾಲ್ಕೂ ಕಡೆ ಸ್ಟಾಪ್ ಫಲಕ, ಸಿಗ್ನಲ್ ಇಲ್ಲ, ಪೊಲೀಸರಿಲ್ಲ. ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೇ ಬಂದರೆ ಬಲಗಡೆಯವರದು ಮೊದಲ ಪಾಳಿ. ಆ ದಿನ ನಾನೂ ಇನ್ನೊಂದು ಕಾರೂ ಒಟ್ಟಿಗೇ ನಿಂತೆವು. ನಾನು ಬಲಗಡೆ, ಪಾಳಿ ನನ್ನದು. ಆದರೂ ಕಿಟಕಿಯಿಂದ ಕೈ ಹೊರಗೆ ಹಾಕಿ, ಹಳೇ ಅಭ್ಯಾಸದಂತೆ ಎರಡು ಸಲ ಮುಂದಕ್ಕೆ ಬೀಸಿ, ಆ ಕಾರಿಗೆ ರೈಟ್ ಕೊಟ್ಟೆ.

ರೈಟ್ ಎಂದರೆ ಏನೆಂದು ನಿಮಗೆ ಗೊತ್ತು. ಕಂಡಕ್ಟರ್ ಎರಡು ಸೀಟಿ ಊದಿದರೆ ಡ್ರೈವರ್ ಹಿಂದೆ ತಿರುಗಿ ನೋಡುವುದಿಲ್ಲ. ಕಂಡಕ್ಟರನ ಕಣ್ಣೇ ಅವನ ಕಣ್ಣು. ಮೂವತ್ತೊಂದು ವರ್ಷ ನಾನು ತಪ್ಪು ರೈಟ್ ಕೊಟ್ಟವನಲ್ಲ. ಫುಟ್‌ಬೋರ್ಡಿನ ಮೇಲೆ ಒಂದು ಮುದುಕಿಯ ಸೆರಗು ಇದ್ದರೂ ಸೀಟಿ ಬಾಯಿಗೆ ಇಡುತ್ತಿರಲಿಲ್ಲ.

ಆ ಕಾರು ಒಂದು ಕ್ಷಣ ಅನುಮಾನಿಸಿತು. ಬರುವುದಿಲ್ಲವೇನೋ ಎಂದುಕೊಂಡು ನಾನು ಗ್ಯಾಸ್ ಪೆಡಲ್ ಒತ್ತಿದೆ. ಅದೇ ಕ್ಷಣಕ್ಕೆ ಅದೂ ಹೊರಟಿತು. ನನ್ನ ಕಾರಿನ ಮೂಗು ಆ ಕಾರಿನ ಬಾಗಿಲೊಳಗೆ ಹೋಯಿತು.

ಇಳಿದವಳು ಮಿಸ್ ಲಿಂಡಾ. ಅನಘಾಳ ಶಾಲೆಯ ಬಸ್ಸು ಓಡಿಸುವಾಕೆ. ಮಣಿಕಟ್ಟು ಮುರಿದಿತ್ತು, ಕೈಯನ್ನು ಎದೆಗೆ ಅವಚಿಕೊಂಡಿದ್ದಳು. ಬಂದ ಪೊಲೀಸನಿಗೆ, "ಇವರು ನನಗೆ ಹೋಗು ಅಂತ ಕೈ ಮಾಡಿದರು" ಎಂದಳು. ಪೊಲೀಸ್ ನನ್ನ ಕಡೆ ತಿರುಗಿದ.

"ಕೈ ಮಾಡಿದಿರಾ ಸರ್?"

ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ ಎನ್ನುವುದೊಂದೇ ನನ್ನ ತಲೆಯಲ್ಲಿ. "ನೋ ಸರ್" ಎಂದೆ. ಹಿಂದಿನ ಸೀಟಿನಿಂದ "ಅಜ್ಜಾ—" ಎಂದಿತು ಮಗು. "ಸುಮ್ಮನ ಕೂಡು" ಎಂದೆ. ಕೂತಳು.

ಪಾಳಿ ನನ್ನದಾದ್ದರಿಂದ, ನಾನು ಕೈ ಮಾಡಿಲ್ಲವಾದರೆ ತಪ್ಪು ಆಕೆಯದು. ದಂಡದ ಟಿಕೆಟ್ ಆಕೆಗೆ ಹೋಯಿತು. ಮಕ್ಕಳ ಬಸ್ಸು ಓಡಿಸುವವರ ಮೇಲೆ ಅಂಥ ದಾಖಲೆ ಬಿದ್ದರೆ ವಿಚಾರಣೆ, ಮರುಪರೀಕ್ಷೆ. ಅರವತ್ತೆಂಟರ ವಯಸ್ಸಿನಲ್ಲಿ ಅದೆಲ್ಲ ಬೇಡವೆಂದು ಆಕೆ ಬಸ್ಸೇ ಬಿಟ್ಟಳು. ಮನೆ ಮಾರಿ ಕೊಲರಾಡೊದ ಗ್ರ್ಯಾಂಡ್ ಜಂಕ್ಷನ್ ಎಂಬ ಊರಿಗೆ, ತಂಗಿಯ ಹತ್ತಿರ ಹೋದಳು ಎಂದು ಆಕೆಯ ಪಕ್ಕದ ಮನೆಯವರು ಹೇಳಿದರು.

ಮರುದಿನದಿಂದ ನಾನು ಕಾರು ಮುಟ್ಟಲಿಲ್ಲ. ಕಣ್ಣು ಮಂಜಾಗಿದೆ ಎಂದು ಮನೆಯಲ್ಲಿ ಹೇಳಿದೆ. ಅದೂ ಸುಳ್ಳು. ಈಗಲೂ ಸೂಜಿಗೆ ದಾರ ಪೋಣಿಸುತ್ತೇನೆ. ಅನಘಾ ಮೊದಲಿನಂತೆ ನನ್ನ ಹಾಸಿಗೆಯ ಮೇಲೆ ಹತ್ತಿ ಕೂರುವುದನ್ನು ಬಿಟ್ಟಳು. ಏನು ಕೇಳಿದರೂ "ಫೈನ್" ಎನ್ನುತ್ತಾಳೆ.

ಕಳೆದ ಚಳಿಗಾಲದಲ್ಲಿ ಸ್ಯಾಕ್ರಮೆಂಟೊದಲ್ಲಿರುವ ನನ್ನ ತಂಗಿಯ ಮಗಳು ಬಂದು ಹೋಗು ಎಂದು ಕರೆದಳು. ಆ ಕಡೆ ಹೋಗುವ ರೈಲು ಯಾವುದು ಎಂದು ಅಳಿಯನ ಕಂಪ್ಯೂಟರಿನಲ್ಲಿ ನೋಡುತ್ತಿದ್ದಾಗ ಆ ಊರಿನ ಹೆಸರು ಕಣ್ಣಿಗೆ ಬಿತ್ತು. ಗ್ರ್ಯಾಂಡ್ ಜಂಕ್ಷನ್. ರೈಲು ಅಲ್ಲಿ ನಿಲ್ಲುತ್ತದೆ! ಆ ರಾತ್ರಿಯೇ ಡಿಕ್ಷನರಿ ಇಟ್ಟುಕೊಂಡು ಮಿಸ್ ಲಿಂಡಾಗೆ ಪತ್ರ ಬರೆದೆ; ವಿಳಾಸ ಆಕೆಯ ಹಳೇ ನೆರೆಯವರಿಂದ ಸಿಕ್ಕಿತು. ಇಂಥ ದಿನ, ಇಂಥ ಹೊತ್ತಿಗೆ ನನ್ನ ರೈಲು ನಿಮ್ಮ ಊರಿಗೆ ಬರುತ್ತದೆ. ದಯವಿಟ್ಟು ಸ್ಟೇಶನ್ನಿಗೆ ಬನ್ನಿ. ನಿಮಗೆ ಒಂದು ಕಾಗದ ಕೊಡುವುದಿದೆ.

ಅಮೆರಿಕದಲ್ಲಿ ಹೀಗೆ ಯಾರೂ ಕರೆಯುವುದಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮಲ್ಲಿ ಇದೇನು ದೊಡ್ಡದು? ಬಳಗದವರ ರೈಲು ಊರಿನ ಮೇಲೆ ಹಾಯ್ದರೆ ಬುತ್ತಿ ಕಟ್ಟಿಕೊಂಡು ಪ್ಲಾಟ್‌ಫಾರ್ಮಿಗೆ ಹೋಗುತ್ತೇವೆ. ಕಿಟಕಿಯಲ್ಲೇ ಮಾತಾಡಿ, ಮದುವೆ ಮಾತು ಕೂಡ ಮುಗಿಸಿ ಬರುತ್ತೇವೆ. ಇನ್ನೊಂದು ಕಾರಣವೂ ಇತ್ತು. ಆಕೆಯ ಮನೆಯ ಬಾಗಿಲಿಗೆ ಹೋದರೆ ಆಕೆ ನನ್ನನ್ನು ಒಳಗೆ ಕರೆಯಬೇಕು, ಇಲ್ಲ ಬಾಗಿಲು ಹಾಕಬೇಕು. ಪ್ಲಾಟ್‌ಫಾರ್ಮ್ ಯಾರ ಮನೆಯೂ ಅಲ್ಲ. ಬೇಡವಾದರೆ ಬಾರದೆ ಇದ್ದರಾಯಿತು.

ಉತ್ತರ ಬರಲಿಲ್ಲ. ನಾನು ಟಿಕೆಟ್ ಮಾಡಿಸಿಯೇ ಬಿಟ್ಟೆ.

"ಅಪ್ಪಾ, ಹಟಾ ಯಾಕ ಮಾಡ್ತಿ?" ಎಂದಳು ಸುವರ್ಣಾ.

"ನಾ ದುಡಿಯೂವಾಗ ಮಂದೀನ ಕೂಡಿಸಿ ನಾ ನಿಂತೇನಿ. ಈಗ ಮಲಕೊಂಡು ಹೋಗಬೇಕಾಗೇತಿ" ಎಂದೆ.

ಮೈಸೂರಿನ ಅಳಿಯ ಶ್ರೀಧರ ನಕ್ಕುಬಿಟ್ಟ. "ಬಿಡು ಸುವರ್ಣಾ, ಮಾವಂಗೆ ಲೋಯರ್ ಬರ್ತ್ ಕನ್‌ಫರ್ಮ್ ಆಗಿದೆ, ಇನ್ನು ದೇವರು ಬಂದ್ರೂ ಕೇಳಲ್ಲ."

ಶಿಕಾಗೊ

ಆ್ಯನ್ ಆರ್ಬರ್ ಸ್ಟೇಶನ್ನಿನಿಂದ ಬೆಳಿಗ್ಗೆ ಶಿಕಾಗೊ ರೈಲು. ಇದು ಕೂತು ಹೋಗುವ ರೈಲು. ಮಲಗುವ ರೈಲು ಶಿಕಾಗೊದಿಂದ ಮುಂದೆ. ಮಿಶಿಗನ್ ಕಳೆದು ಇಂಡಿಯಾನಾ ಬಂದಾಗ ಎಲ್ಲರ ಫೋನುಗಳೂ ಒಂದು ತಾಸು ಹಿಂದಕ್ಕೆ ಹೋದವು, ನನ್ನ ಕೈಗಡಿಯಾರ ಹೋಗಲಿಲ್ಲ. ಶಿಕಾಗೊದಲ್ಲಿ ಇಳಿದಾಗ ಗಡಿಯಾರ ನೋಡಿ ರೈಲು ಒಂದು ತಾಸು ತಡ ಎಂದು ಪಕ್ಕದವನಿಗೆ ಹೇಳಿದೆ. ಅವನು ಗೋಡೆಯ ಗಡಿಯಾರ ತೋರಿಸಿದ. ಐದು ನಿಮಿಷ ಮೊದಲೇ ಬಂದಿತ್ತು. ಮೂವತ್ತೊಂದು ವರ್ಷ ಟೈಮಿಗೆ ಬಸ್ಸು ಬಿಡಿಸಿದವನಿಗೆ ಅವಮಾನವೇ.

ಶಿಕಾಗೊ ಸ್ಟೇಶನ್ನಿನ ಹಾಲು ದೊಡ್ಡದು. ಉದ್ದನೆಯ ಮರದ ಬೆಂಚುಗಳು, ಗುಡಿಯ ಹಾಗೆ ಎತ್ತರದ ಚಾವಣಿ. ಆದರೆ ಚಹಾ ಮಾರುವವರ ಕೂಗಿಲ್ಲ, ಹಮಾಲರಿಲ್ಲ, ನೆಲದ ಮೇಲೆ ಹಾಸಿಕೊಂಡು ಮಲಗಿದ ಸಂಸಾರಗಳಿಲ್ಲ. ಇಷ್ಟು ಜನ ಇಷ್ಟು ಮೆಲ್ಲಗೆ ಮಾತಾಡುವ ಸ್ಟೇಶನ್ನನ್ನು ನಾನು ಕಂಡಿರಲಿಲ್ಲ. ಆ ಮೌನ ಸೀಳಿಕೊಂಡು "ಮಾಮಾ!" ಎಂಬ ಕೂಗು ಬಂತು. ಹೆಂಡತಿಯ ಅಣ್ಣನ ಮಗಳು ನಾಗರತ್ನಾ. ಪ್ಲೇನ್‌ಫೀಲ್ಡಿನಲ್ಲಿ ಡಾಕ್ಟರು. ಎರಡೂ ಕೈಯಲ್ಲಿ ಚೀಲ.

"ನಲವತ್ತು ಮೈಲಿ ಡ್ರೈವ್ ಮಾಡ್ಕೊಂಡು ಬಂದೀನಿ. ಪಾರ್ಕಿಂಗ್ ಹುಡಕಾಕ ಅರ್ಧಾ ತಾಸು. ಇಲ್ಲೆ ಯಾರೂ ಸ್ಟೇಶನ್ನಿಗೆ ಬುತ್ತಿ ತಗೊಂಡು ಬರೂದಿಲ್ರಿ ಮಾಮಾ, ಎಲ್ಲಾರೂ ನನ್ನ ಹುಚ್ಚೀನ್ನ ನೋಡಿಧಾಂಗ ನೋಡಾಕತ್ತಾರ."

ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ. ಬೆಂಚಿನ ಮೇಲೆ ಕೂತು ಅವಳು ನನ್ನ ಮುಖವನ್ನೇ ನೋಡಿದಳು. ರೋಗಿಗಳನ್ನು ನೋಡಿ ಪಳಗಿದ ಕಣ್ಣು.

"ಖರೇ ಹೇಳ್ರಿ. ಯಾಕ ಟ್ರೇನು?"

ಆ ದಿನದವರೆಗೂ ಯಾರಿಗೂ ಹೇಳಿರಲಿಲ್ಲ. ಕಿಸೆಯಿಂದ ಕಾಗದ ತೆಗೆದು ಕೈಗೆ ಕೊಟ್ಟೆ. ನನ್ನ ಇಂಗ್ಲಿಷಿನಲ್ಲಿ ನಾನೇ ಬರೆದದ್ದು. ಕನ್ನಡದಲ್ಲಿ ಹೇಳಿದರೆ ಇಷ್ಟು: ಆ ದಿನ ಕೂಡುರಸ್ತೆಯಲ್ಲಿ ಪಾಳಿ ನನ್ನದಿತ್ತು. ನಾನು ಕೈಬೀಸಿ ಮಿಸ್ ಲಿಂಡಾಗೆ ಹೋಗಲು ಹೇಳಿದೆ. ಆಮೇಲೆ ನಾನೂ ನುಗ್ಗಿದೆ. ಪೊಲೀಸರು ಕೇಳಿದಾಗ ಕೈ ಬೀಸಿಲ್ಲ ಎಂದು ಸುಳ್ಳು ಹೇಳಿದೆ. ತಪ್ಪು ನನ್ನದು, ಆಕೆಯದಲ್ಲ. ಈ ಕಾಗದವನ್ನು ಆಕೆ ಯಾರಿಗೆ ಬೇಕಾದರೂ ತೋರಿಸಬಹುದು. ಕೆಳಗೆ ಸಹಿ.

ನಾಗರತ್ನಾ ಎರಡು ಸಲ ಓದಿದಳು. "ಮಾಮಾ, ಇದನ್ನ ಹರದ ಒಗೀರಿ. ಆಕಿ ವಕೀಲ್ರ ಕಡೆ ಹೋದ್ರ? ನಿಮ್ಮ ಮ್ಯಾಲ ಕೇಸ್ ಹಾಕಿದ್ರ?"

"ಹಾಕಲಿ."

"ಸುವರ್ಣಾಗ ಗೊತ್ತದೇನು?"

"ಇಲ್ಲ. ನೀನೂ ಹೇಳಬ್ಯಾಡ. ನಾನ ಹೇಳತೇನಿ, ಇದು ಮುಗದ ಮ್ಯಾಲ."

"ಆಕಿ ಬರದಿದ್ರ?"

"ಬರದಿದ್ರ ಕಾಗದಾ ಟಪಾಲಿಗೆ ಹಾಕತೇನಿ. ಆದ್ರ ಆಕಿ ಮಾರಿ ಮುಂದ ನಿಂತು ಸುಳ್ಳು ಹೇಳೇನಿ. ಖರೇನೂ ಮಾರಿ ಮುಂದ ನಿಂತೇ ಹೇಳಬೇಕು."

ಅವಳು ಇನ್ನೂ ವಾದ ಮಾಡುತ್ತಾಳೆ ಎಂದುಕೊಂಡೆ. ಸುಮ್ಮನೆ ಚೀಲ ಬಿಚ್ಚಿ, ಆರು ಹೋಳಿಗೆಗಳನ್ನು ಬೇರೆ ತೆಗೆದು, ಕಾಗದದಲ್ಲಿ ಸುತ್ತಿ, ರಬ್ಬರ್ ಹಾಕಿ ನನ್ನ ಕೈಗಿಟ್ಟಳು. "ಆ ಅಮ್ಮಾರಿಗೆ ಕೊಡ್ರಿ. ಬರಿಗೈಲೆ ಹೋಗಬ್ಯಾಡ್ರಿ."

ನೇಪರ್‌ವಿಲ್ ದಾಟಿದ ಮೇಲೆ

ಮಲಗುವ ರೈಲು ಎರಡು ಅಂತಸ್ತಿನದು. ನನ್ನದು ಮೇಲಂತಸ್ತಿನಲ್ಲಿ ಒಂದು ಪುಟ್ಟ ಕೋಣೆ. ಎದುರುಬದುರು ಎರಡು ಸೀಟು. ರಾತ್ರಿ ಎರಡನ್ನೂ ಎಳೆದು ಕೂಡಿಸಿದರೆ ಒಂದು ಹಾಸಿಗೆ, ಚಾವಣಿಯಿಂದ ಇನ್ನೊಂದು ಇಳಿಯುತ್ತದೆ. ಜಾರುವ ಬಾಗಿಲು, ಪರದೆ. ಬಾಗಿಲು ಹಾಕಿಕೊಂಡರೆ ನೀವು ಸತ್ತರೂ ಪಕ್ಕದವನಿಗೆ ಗೊತ್ತಾಗುವುದಿಲ್ಲ. ನಮ್ಮ ಸ್ಲೀಪರ್ ಡಬ್ಬಿಯಲ್ಲಿ ಒಬ್ಬ ಕೆಮ್ಮಿದರೆ ಏಳು ಜನ ಔಷಧಿ ಹೇಳುತ್ತಾರೆ. ನನಗೆ ಬಾಗಿಲು ಹಾಕಿ ಕೂತು ಅಭ್ಯಾಸವಿಲ್ಲ. ತೆರೆದೇ ಇಟ್ಟೆ. ದಾಟಿ ಹೋದವರೆಲ್ಲ ಏನೋ ತಪ್ಪಾಗಿದೆ ಎನ್ನುವಂತೆ ಒಳಗೆ ಇಣುಕಿದರು.

ನಮ್ಮ ಡಬ್ಬಿಯ ಹಾಸಿಗೆ, ನೀರು, ಊಟದ ಹೊತ್ತು ಎಲ್ಲ ನೋಡಿಕೊಳ್ಳುವವನು ಮಾರ್ಕಸ್. ಆರಡಿ ಮೂರಂಗುಲದ ಕರಿಯ ಮನುಷ್ಯ, ಶಿಕಾಗೊದವನೇ. ನಾನು ಕೆಳಗೆ ಹತ್ತಿಳಿಯುವ ಬಾಗಿಲ ಹತ್ತಿರ ನಿಂತಿದ್ದು ನೋಡಿ, "ಸರ್, ರೈಲು ಓಡುವಾಗ ಅಲ್ಲಿ ನಿಲ್ಲಬಾರದು" ಎಂದ.

"ಮೂವತ್ತೊಂದು ವರ್ಷ ಬಾಗಿಲಲ್ಲೇ ನಿಂತವನು ನಾನು. ಕಂಡಕ್ಟರ್" ಎಂದೆ.

ಮಾರ್ಕಸ್ ಹುಬ್ಬೇರಿಸಿದ. ಇಲ್ಲಿ ಕಂಡಕ್ಟರ್ ಎಂದರೆ ಇಡೀ ರೈಲಿನ ಯಜಮಾನ, ಎಂಜಿನ್ನಿನವನಿಗೂ ಅವನದೇ ಅಪ್ಪಣೆ. ಅಲ್ಲಿಂದ ಮುಂದೆ ಅವನು ನನ್ನನ್ನು "ಬಾಸ್" ಎಂದೇ ಕರೆದ. ನಾನು ತಿದ್ದಲಿಲ್ಲ. ಕಾಗದದಲ್ಲಿ ಅಷ್ಟೆಲ್ಲ ಒಪ್ಪಿಕೊಂಡಿದ್ದೇನೆ, ಇದೊಂದು ಇರಲಿ.

ಊಟದ ಡಬ್ಬಿಯಲ್ಲಿ ನಮಗೆ ಬೇಕಾದಲ್ಲಿ ಕೂರುವ ಹಾಗಿಲ್ಲ. ಬಡಿಸುವವಳು ತೋರಿಸಿದ ಟೇಬಲಿನಲ್ಲಿ ಅಪರಿಚಿತರ ಜೊತೆ ಕೂರಬೇಕು. ನನ್ನನ್ನು ಗ್ಲೆನ್ ಮತ್ತು ಆತನ ಹೆಂಡತಿಯ ಎದುರು ಕೂರಿಸಿದಳು. ನೇಪರ್‌ವಿಲ್‌ನಲ್ಲಿ ಹತ್ತಿದವರು, ಮೊಮ್ಮಗನ ಹುಟ್ಟುಹಬ್ಬಕ್ಕೆ ಡೆನ್ವರಿಗೆ ಹೊರಟವರು. ನಾನು ರೊಟ್ಟಿ ಬಿಚ್ಚಿ ಮುಂದಿಟ್ಟೆ. ಗ್ಲೆನ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ.

"ಇದು ಮುಗಿಯೋದು ಯಾವಾಗ?" ಎಂದ.

"ಡೆನ್ವರ್ ಬರೋದರೊಳಗೆ" ಎಂದೆ. ಆತನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಕಿಟಕಿಯ ಹೊರಗೆ ಮಿಸ್ಸಿಸ್ಸಿಪ್ಪಿ ನದಿ ಬಂತು, ಸಂಜೆಯ ಬಿಸಿಲಿನಲ್ಲಿ ತಾಮ್ರದ ಹರಿವಾಣದ ಹಾಗೆ. ಎಲ್ಲರೂ ಫೋನು ಎತ್ತಿದರು. ಆ ನದಿಗೆ ಎಸೆಯಲು ನನ್ನ ಹತ್ತಿರ ಚಿಲ್ಲರೆ ನಾಣ್ಯವಿತ್ತು, ಆದರೆ ಆ ಕಿಟಕಿಗಳು ತೆರೆಯುವುದಿಲ್ಲ. ಕೈ ಮಾತ್ರ ಮುಗಿದೆ.

ಮಲಗುವ ಮೊದಲು ಕೆಳಗಿಳಿದು ನನ್ನ ಪೆಟ್ಟಿಗೆ ಭದ್ರ ಮಾಡಿ ಬಂದೆ. ಅದರ ಕಥೆ ಮುಂದಿದೆ.

ಡೆನ್ವರ್

ಬೆಳಿಗ್ಗೆ ಕೆಳಗಿನ ಅಂತಸ್ತಿನಲ್ಲಿ ಗದ್ದಲ. ಇಳಿದು ನೋಡಿದರೆ ಗ್ಲೆನ್ ತನ್ನ ಚೀಲದ ಹಿಡಿಕೆ ಹಿಡಿದು ಜಗ್ಗುತ್ತಿದ್ದಾನೆ. ಚೀಲದ ಜೊತೆ ನನ್ನ ಪೆಟ್ಟಿಗೆ, ಇನ್ನೂ ಎರಡು ಪೆಟ್ಟಿಗೆ, ಸಾಮಾನಿಡುವ ಕಬ್ಬಿಣದ ಕಂಬ, ಎಲ್ಲ ಒಟ್ಟಿಗೆ ಗಡಗಡ ಎನ್ನುತ್ತಿವೆ. ಹುಬ್ಬಳ್ಳಿಯಿಂದ ತಂದ ನನ್ನ ಸರಪಳಿ. ರೈಲು ಎಂದರೆ ಪೆಟ್ಟಿಗೆಗೆ ಸರಪಳಿ ಹಾಕಿ ಬೀಗ ಜಡಿಯಬೇಕು, ಅದು ನನಗೆ ಹಲ್ಲು ಉಜ್ಜಿದಷ್ಟೇ ಸಹಜ. ಮಬ್ಬು ಬೆಳಕಿನಲ್ಲಿ ಅದನ್ನು ಸಿಕ್ಕ ಸಿಕ್ಕ ಹಿಡಿಕೆಗಳೊಳಗೆಲ್ಲ ಹಾಯಿಸಿಬಿಟ್ಟಿದ್ದೆ.

ಡೆನ್ವರಿನಲ್ಲಿ ಇಳಿಯುವವರೆಲ್ಲ ಸಾಲುಗಟ್ಟಿ ನಿಂತಿದ್ದರು. ಮಾರ್ಕಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದ, "ಇದನ್ನು ಯಾರು ಮಾಡಿದ್ದು?"

ನಿಮಗೆ ಒಂದು ಮಾತು ಹೇಳಬೇಕು. ಆ ಕ್ಷಣದಲ್ಲೂ ನನ್ನ ನಾಲಿಗೆಯ ತುದಿಗೆ ಬಂದದ್ದು "ನೋ ಸರ್". ಯಾವ ಲೈಸೆನ್ಸೂ ಹೋಗುವುದಿರಲಿಲ್ಲ, ಯಾರ ಕೈಯೂ ಮುರಿದಿರಲಿಲ್ಲ. ಆದರೂ ಅದು ತಾನಾಗಿ ಎದ್ದು ಬಂತು. ಒಮ್ಮೆ ಬಾಯಿಗೆ ಬಂದ ಸುಳ್ಳು ಅಲ್ಲೇ ಮನೆ ಮಾಡಿಕೊಂಡಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು.

"ನಾನು" ಎಂದೆ. ಬೇಕಾದದ್ದಕ್ಕಿಂತ ಜೋರಾಗಿ.

ಕೊರಳಿನ ದಾರದಿಂದ ಬೀಗದ ಕೈ ತೆಗೆದು ಸರಪಳಿ ಬಿಚ್ಚಿದೆ. ಗ್ಲೆನ್ ಸಿಟ್ಟಾಗಲಿಲ್ಲ. "ಬಾಸ್ ಕಾವಲಿಗಿದ್ದರೆ ಕಳ್ಳರ ಗತಿ ಇಷ್ಟೇ" ಎಂದು ಮಾರ್ಕಸ್ ನಕ್ಕ. ಸಾಲಿನವರೂ ನಕ್ಕರು. ನಗಲಿ. ಒಪ್ಪಿಕೊಂಡವನನ್ನು ನೋಡಿ ಜನ ನಗುತ್ತಾರೆ, ಅಷ್ಟೇ. ಇಷ್ಟಕ್ಕೇ ಮೂರು ವರ್ಷ ಹೆದರಿದ್ದೆನೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಡೆನ್ವರ್ ಬಿಟ್ಟ ಮೇಲೆ ರೈಲು ಬೆಟ್ಟ ಹತ್ತುತ್ತದೆ. ಸುರಂಗದ ಮೇಲೆ ಸುರಂಗ, ಜೂನ್ ತಿಂಗಳಲ್ಲೂ ತುದಿಯಲ್ಲಿ ಹಿಮ. ಗಾಜಿನ ಚಾವಣಿಯ ಡಬ್ಬಿಯಲ್ಲಿ ಜನ ಆಹಾ ಎನ್ನುತ್ತಿದ್ದರು. ನಾನು ಹಿಮ ನೋಡಲಿಲ್ಲ, ಗಡಿಯಾರ ನೋಡಿದೆ. ಮುಂದೆ ಒಂದು ಗೂಡ್ಸ್ ಗಾಡಿಗೆ ದಾರಿ ಬಿಡಲು ನಮ್ಮನ್ನು ನಿಲ್ಲಿಸಿದರು. ಮತ್ತೆ ನಿಲ್ಲಿಸಿದರು. ನಾಲ್ಕು ಗಂಟೆಗೆ ಗ್ರ್ಯಾಂಡ್ ಜಂಕ್ಷನ್ ತಲುಪಬೇಕಾದ ರೈಲು ನಾಲ್ಕು ಗಂಟೆಗೆ ಒಂದು ಕಣಿವೆಯಲ್ಲಿ, ಕೆಂಪು ನದಿಯ ಪಕ್ಕ, ಎಮ್ಮೆಯ ಹಾಗೆ ನಿಂತಿತ್ತು.

"ಎರಡೂವರೆ ತಾಸು ತಡ ಬಾಸ್" ಎಂದ ಮಾರ್ಕಸ್. "ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಿಸೋದಿಲ್ಲ. ಹತ್ತು ನಿಮಿಷ. ಯಾಕೆ, ಯಾರಾದರೂ ಬರ್ತಾರಾ?"

"ಗೊತ್ತಿಲ್ಲ" ಎಂದೆ. ಎಪ್ಪತ್ತೊಂದರ ಮುದುಕಿ ಮಧ್ಯಾಹ್ನದ ಬಿಸಿಲಿನಲ್ಲಿ ಬಂದು, ಕಾದು, ಬೈದುಕೊಂಡು ಮನೆಗೆ ಹೋಗುವುದು ಕಣ್ಣ ಮುಂದೆ ಬಂತು. ಆಕೆಯ ಕಾಲ ಇನ್ನಷ್ಟು ಹಾಳು ಮಾಡಿದೆನಲ್ಲ ಎಂದುಕೊಂಡೆ.

ಗ್ರ್ಯಾಂಡ್ ಜಂಕ್ಷನ್

ಜಂಕ್ಷನ್ ಎಂಬ ಹೆಸರು ನಂಬಿ ನಾನು ಗುಂತಕಲ್ಲಿನಂಥದ್ದನ್ನು ಕಲ್ಪಿಸಿಕೊಂಡಿದ್ದೆ. ಇಲ್ಲಿ ಒಂದೇ ಪ್ಲಾಟ್‌ಫಾರ್ಮ್, ಒಂದು ಸಣ್ಣ ಕಟ್ಟಡ, ಸಂಜೆಯಾದರೂ ಫ್ಯಾರನ್‌ಹೀಟಿನಲ್ಲಿ ನೂರು ಡಿಗ್ರಿ ಬಿಸಿಲು. ಬಾಗಿಲು ತೆರೆದ ಕೂಡಲೇ ಸಿಗರೇಟು ಸೇದುವವರು ಮೊದಲು ಇಳಿದರು. ನಾನು ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಹೋಳಿಗೆ ಹಿಡಿದು ಇಳಿದೆ. ಪ್ಲಾಟ್‌ಫಾರ್ಮ್ ಮೇಲೆ ಆಕೆ ಇರಲಿಲ್ಲ. ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಎರಡು ನಿಮಿಷ ಹೋಯಿತು.

"ಇಲ್ಲಿ."

ಕಟ್ಟಡದ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಏಳಲಿಲ್ಲ.

"ಬಿಸಿಲಿನಲ್ಲಿ ಬಹಳ ಕಾದಿರಾ ಮೇಡಂ?"

"ಇಲ್ಲ. ರೈಲು ಎಲ್ಲಿದೆ ಅಂತ ಫೋನಿನಲ್ಲಿ ನೋಡಿಕೊಂಡೇ ಬಂದೆ. ಹದಿನೆಂಟು ವರ್ಷ ಬಸ್ಸು ಓಡಿಸಿದ್ದೇನೆ, ಯಾರಿಗೂ ಕಾಯೋದಿಲ್ಲ." ಆಮೇಲೆ ಕೈ ಚಾಚಿದಳು. "ಕಾಗದ."

ಕೊಡುವ ಮೊದಲು ಹೇಳಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಎಲ್ಲ ಹೋಗಿ ಉಳಿದದ್ದು ಇಷ್ಟೇ. "ಮೇಡಂ, ನಾನು ಕೈ ಬೀಸಿದೆ. ಎರಡು ಸಲ. ಆಮೇಲೆ ಇಲ್ಲ ಎಂದೆ."

"ನನಗೆ ಗೊತ್ತು" ಎಂದಳು. "ಒಂದು ವರ್ಷ ನನಗೇ ಅನುಮಾನ ಬಂದಿತ್ತು. ನಾನೇ ಕಲ್ಪಿಸಿಕೊಂಡೆನೇನೋ, ವಯಸ್ಸಾಯಿತೇನೋ ಅಂತ. ಅದು ಈ ಕೈಗಿಂತ ಕೆಟ್ಟದಾಗಿತ್ತು." ಮಣಿಕಟ್ಟು ತಿರುಗಿಸಿ ತೋರಿಸಿದಳು. ಅದು ಪೂರ್ತಿ ತಿರುಗುವುದಿಲ್ಲ.

ಕನ್ನಡಕ ಹಾಕಿಕೊಂಡು ಕಾಗದ ಓದಿದಳು. ಮಾರ್ಕಸ್ ಬಾಗಿಲ ಹತ್ತಿರದಿಂದ ಐದು ಬೆರಳು ತೋರಿಸಿದ. ಆಕೆ ಅವಸರ ಮಾಡಲಿಲ್ಲ. ಓದಿ, ಮಡಚಿ, ನನಗೇ ವಾಪಸು ಕೊಟ್ಟಳು.

"ಒಬ್ಬರನ್ನು ಬಿಟ್ಟಿದ್ದೀರಿ."

ನನಗೆ ತಿಳಿಯಲಿಲ್ಲ.

"ಹಿಂದಿನ ಸೀಟಿನಲ್ಲಿ ಮಗು ಇತ್ತು. ಬಾಯಿ ತೆರೆಯಿತು. ನೀವು ತಿರುಗಿ ಏನೋ ಹೇಳಿದಿರಿ, ಮುಚ್ಚಿತು. ನಿಮ್ಮ ಭಾಷೆ ನನಗೆ ಬರೋದಿಲ್ಲ, ಆದರೆ ಹದಿನೆಂಟು ವರ್ಷ ಕನ್ನಡಿಯಲ್ಲಿ ಮಕ್ಕಳ ಮುಖ ನೋಡಿದ್ದೇನೆ." ಆಕೆ ಕನ್ನಡಕ ತೆಗೆದಳು. "ನಾನು ಕೆಲಸ ಬಿಟ್ಟಾಗ ಮಕ್ಕಳಿಗೆ ವಿದಾಯ ಹೇಳೋಕೆ ಒಂದು ದಿನ ಬಸ್ಸಿಗೆ ಬಂದಿದ್ದೆ. ಎಲ್ಲರೂ ಕಾರ್ಡು ಕೊಟ್ಟರು. ನಿಮ್ಮ ಹುಡುಗಿ ತಲೆ ತಗ್ಗಿಸಿಕೊಂಡು ನನ್ನ ದಾಟಿ ಹೋದಳು. ಎರಡು ವರ್ಷ ದಿನಾ ನನಗೆ ಜೋಕು ಹೇಳುತ್ತಿದ್ದ ಮಗು ಅದು."

ನಾನು ಕಿಸೆಯಿಂದ ಪೆನ್ನು ತೆಗೆದೆ. "ಈಗಲೇ ಬರೆಯುತ್ತೇನೆ ಮೇಡಂ."

"ಬೇಡ. ಮೊದಲು ಅವಳನ್ನು ಕೇಳಿ. ಆ ದಿನ ಕೇಳಲಿಲ್ಲ, ಇವತ್ತೂ ಕೇಳದೆ ಬರೆಯೋದು ಬೇಡ. ಅವಳು ಹೂಂ ಅಂದರೆ ಬರೆದು ಕಳಿಸಿ. ಆಗ ತಗೊಳ್ತೇನೆ."

ಮಾರ್ಕಸ್ ಕೂಗಿದ. ಸಿಗರೇಟಿನವರು ಓಡಿದರು. ನಾನು ಕ್ಷಮಿಸಿ ಎಂದು ಶುರು ಮಾಡುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದಳು. "ಪರವಾಗಿಲ್ಲ ಅಂತ ನಾನು ಹೇಳೋದಿಲ್ಲ. ಹೇಳಿಸಿಕೊಳ್ಳೋಕೆ ಬಂದಿದ್ದರೆ ರೈಲು ಹತ್ತಿ."

"ಅದಕ್ಕೆ ಬಂದಿಲ್ಲ" ಎಂದೆ. ಅದೊಂದು ನಿಜವನ್ನು ತಡವರಿಸದೆ ಹೇಳಿದೆ.

"ಅದೇನು ಇನ್ನೊಂದು ಕೈಯಲ್ಲಿ?"

"ಸಿಹಿ. ಶೇಂಗಾದ್ದು."

"ಪೀನಟ್? ಮಕ್ಕಳಿಗೆ ಅಲರ್ಜಿ ಅಂತ ನನ್ನ ಬಸ್ಸಿನಲ್ಲಿ ಪೀನಟ್ ತರುವ ಹಾಗಿರಲಿಲ್ಲ." ಆದರೂ ಕೈ ಚಾಚಿದಳು. "ಇದು ಬಸ್ಸಲ್ಲ. ಕೊಡಿ."

ಕಾಗದ ವಾಪಸು ಕೊಟ್ಟವಳು ಹೋಳಿಗೆ ಇಟ್ಟುಕೊಂಡಳು. ನಾನು ಮೆಟ್ಟಿಲು ಹತ್ತಿ ತಿರುಗಿ ನೋಡುವಾಗ ಕುರ್ಚಿ ಮಡಚುತ್ತಿದ್ದಳು, ಆ ಸೊಟ್ಟ ಕೈಯಲ್ಲೇ.

ಕೋಣೆಗೆ ಬಂದು ಕಾಗದ ಬಿಡಿಸಿ ಕೂತೆ. ಕಂಡಕ್ಟರನ ಹತ್ತಿರ ವೇಬಿಲ್ ಎಂದು ಇರುತ್ತದೆ. ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು ಎಂದು ಬರೆಯುವ ಹಾಳೆ. ತಪಾಸಣೆಯವರು ಬಸ್ಸು ನಿಲ್ಲಿಸಿದರೆ ಮೊದಲು ತಲೆ ಎಣಿಸುತ್ತಾರೆ, ಆಮೇಲೆ ಹಾಳೆ ನೋಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ನನ್ನ ಹಾಳೆಯಲ್ಲಿ ಒಂದು ತಲೆ ಕಡಿಮೆ ಬಂದದ್ದಿಲ್ಲ. ಎಲ್ಲವನ್ನೂ ಒಪ್ಪಿಕೊಂಡೆ ಎಂದು ಎದೆ ಸೆಟೆಸಿ ತಂದ ಈ ಹಾಳೆಯಲ್ಲಿ ಕಡಿಮೆ ಬಂತು. ಅದೂ ನನ್ನ ಬೆನ್ನ ಹಿಂದೆ ಕೂತಿದ್ದ ತಲೆ.

ನೆವಾಡಾ

ಯೂಟಾದ ಮರುಭೂಮಿಯಲ್ಲಿ ಫೋನಿಗೆ ಜೀವವಿರಲಿಲ್ಲ. ಮರುದಿನ ಬೆಳಿಗ್ಗೆ ನೆವಾಡಾದಲ್ಲಿ ಬಂತು. ಗಾಜಿನ ಡಬ್ಬಿಯಲ್ಲಿ ಜನ ತುಂಬಿದ್ದರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಬಹುದಿತ್ತು. ಹೋಗಲಿಲ್ಲ. ಅಲ್ಲೇ ಕೂತು ಅನಘಾಗೆ ಫೋನ್ ಮಾಡಿದೆ. ಕ್ಯಾಂಟನ್ನಿನಲ್ಲಿ ಆಗ ಮಧ್ಯಾಹ್ನ, ಅವಳಿಗೆ ಬೇಸಿಗೆ ರಜೆ.

"ಹಾಯ್ ಅಜ್ಜಾ. ಆರ್ ಯೂ ದೇರ್ ಯೆಟ್?"

"ಇಲ್ಲವಾ. ನಡುವ ಮಿಸ್ ಲಿಂಡಾನ್ನ ಭೆಟ್ಟಿ ಆಗಿ ಬಂದೆ."

ನಾನು ಕಾಗದದ ಮಾತು ಹೇಳಿದೆ. ಕೈ ಬೀಸಿದ್ದು ಹೇಳಿದೆ.

"ಐ ನೋ" ಎಂದಳು. "ಐ ವಾಸ್ ದೇರ್."

"ಹೌದು."

"ಯೂ ಟೋಲ್ಡ್ ಮಿ ಟು ಬಿ ಕ್ವೈಟ್."

"ಹೌದು. ತಪ್ಪು ಮಾಡಿದೆ."

"ರೀಡ್ ಇಟ್."

ಓದಿದೆ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ, ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ. ಪಕ್ಕದ ಸೀಟಿನವರು ಪುಸ್ತಕ ಕೆಳಗಿಟ್ಟರು. ಇಡಲಿ. ನಾನು ಈಗ ಬರೆಯುತ್ತಿರುವುದನ್ನು ಓದಿ ನಮ್ಮ ಮಂದಿಯ ಮಾನ ಹೋಯಿತು ಎನ್ನುವವರು ಕ್ಯಾಂಟನ್ನಿನಲ್ಲೂ ಇದ್ದಾರೆ, ಹುಬ್ಬಳ್ಳಿಯಲ್ಲೂ ಇದ್ದಾರೆ. ಅನ್ನಲಿ. ಹೋದದ್ದು ನನ್ನ ಮಾನ, ಅದನ್ನು ಹುಡುಕುವುದು ನನ್ನ ಕೆಲಸ.

ಮುಗಿದ ಮೇಲೆ ಅನಘಾ ಹೇಳಿದಳು, "ಐ ಆ್ಯಮ್ ನಾಟ್ ಇನ್ ಇಟ್."

"ಅದನ್ನ ಕೇಳಾಕ ಫೋನ್ ಮಾಡೇನಿ. ನಿನ್ನ ಹಾಕಲೇನು? ಬ್ಯಾಡಂದ್ರ ಹಾಕೂದಿಲ್ಲ."

ರೈಲು ಒಂದು ಸುರಂಗ ಹೊಕ್ಕು ಹೊರಬಂತು. ಫೋನು ಕಡಿಯಿತೆಂದೇ ಹೆದರಿದೆ. ಕಡಿದಿರಲಿಲ್ಲ.

"ಪುಟ್ ಮಿ ಇನ್" ಎಂದಳು. "ಫುಲ್ ನೇಮ್."

ಮೊಣಕಾಲ ಮೇಲೆ ಕಾಗದ ಇಟ್ಟು, ಸಹಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ. ಹಿಂದಿನ ಸೀಟಿನಲ್ಲಿ ನನ್ನ ಮೊಮ್ಮಗಳು ಅನಘಾ ಶ್ರೀಧರ ಇದ್ದಳು. ಅವಳು ನೋಡಿದಳು. ನಿಜ ಹೇಳಲು ಬಾಯಿ ತೆರೆದಳು. ಸುಮ್ಮನಿರು ಎಂದವನು ನಾನು. ಕೆಳಗೆ ಇನ್ನೊಂದು ಸಹಿ ಹಾಕಿದೆ.

ಅಷ್ಟರಲ್ಲಿ ಆ ಕಡೆ ಸುವರ್ಣಾಳ ದನಿ ಕೇಳಿತು. "ಯಾರ ಜೋಡಿ ಮಾತಾಡಾಕತ್ತಿ? ಯಾಕ ಅಳಾಕತ್ತಿ?"

"ಇಟ್ಸ್ ಅಜ್ಜಾ" ಎಂದಳು ಮಗು. ಆಮೇಲೆ ನನಗೆ, ಮೂರು ವರ್ಷದ ಮೇಲೆ ಮೊದಲ ಸಲ ಕನ್ನಡದಲ್ಲಿ, ಮೆಲ್ಲಗೆ ಕೇಳಿದಳು. "ಅಜ್ಜಾ, ಏನ್ ಹೇಳ್ಲಿ?"

"ನೀ ಏನೂ ಹೇಳಬ್ಯಾಡವಾ. ಸ್ಪೀಕರ್ ಹಾಕು."

ಹಾಕಿದಳು. ಕಾಗದವನ್ನು ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದೆ.